ಗುಲಾಬಿ ಇದೆಯಾ ನೋಡಿ: ಎಲಿಜಬೆತ್ ರಾಣಿಯ ಬೆಳ್ಳಿ ನಾಣ್ಯ ಗುರುತಿಸುವುದು ಹೀಗೆ

ಇಂಗ್ಲೆಂಡಿನ ಮೊದಲನೇ ಎಲಿಜಬೆತ್ (1558–1603) ಕಾಲದ ಬೆಳ್ಳಿ ನಾಣ್ಯಗಳ ಮೇಲೆ ಬೆಲೆ ಬರೆದಿರುವುದಿಲ್ಲ. ಹಾಗಾದರೆ ಕೈಯಲ್ಲಿರುವುದು ಎಷ್ಟರ ನಾಣ್ಯ ಅಂತ ತಿಳಿಯುವುದು ಹೇಗೆ?

ಮೊದಲು ನಾಣ್ಯದ ಅಂಚು ಹಿಡಿದು, ಬೆಳಕಿಗೆ ಓರೆಯಾಗಿಸಿ ನೋಡಿ. ದೇವರ ಮನೆಯ ದೀಪದಂತೆ ವಿಭೂತಿ ಹಾಕಿ ತಿಕ್ಕಬೇಡಿ. ಸಣ್ಣ ಗೆರೆಗಳು ಅಳಿಸಿಹೋಗುತ್ತವೆ.

ಈಗ ರಾಣಿಯ ತಲೆಯ ಹಿಂದೆ ಕಣ್ಣು ಹಾಯಿಸಿ. ಪುಟ್ಟ ಗುಲಾಬಿ ಇದೆಯಾ? ಗುಟ್ಟೆಲ್ಲ ಅಲ್ಲೇ ಇದೆ. ಹನ್ನೆರಡು ಪೆನ್ನಿಯ ಷಿಲಿಂಗ್, ನಾಲ್ಕು ಪೆನ್ನಿಯ ಗ್ರೋಟ್, ಎರಡು ಪೆನ್ನಿ, ಒಂದು ಪೆನ್ನಿ ಮೊದಲೇ ಓಡಾಡುತ್ತಿದ್ದವು. 1561ರಲ್ಲಿ ಇವುಗಳ ನಡುವೆ ಆರು, ಮೂರು, ಒಂದೂವರೆ, ಮುಕ್ಕಾಲು ಪೆನ್ನಿಗಳು ಸೇರಿಕೊಂಡವು. ಎಲ್ಲದರ ಮೇಲೂ ಅದೇ ರಾಣಿ. ಗ್ರೋಟ್ ತೂಗುವುದು ಸುಮಾರು 2 ಗ್ರಾಂ, ಮೂರು ಪೆನ್ನಿ ಒಂದೂವರೆ ಗ್ರಾಂ. ಸಂತೆಯ ಗಲಾಟೆಯಲ್ಲಿ ಯಾರು ತೂಗುತ್ತಾ ಕೂರ್ತಾರೆ? ಹಾಗಾಗಿ ಸಾಲಿನಲ್ಲಿ ಒಂದು ಬಿಟ್ಟು ಒಂದಕ್ಕೆ ಗುಲಾಬಿ ಇಟ್ಟರು. ಷಿಲಿಂಗ್‌ಗೆ ಇಲ್ಲ, ಆರು ಪೆನ್ನಿಗೆ ಇದೆ, ಗ್ರೋಟ್‌ಗೆ ಇಲ್ಲ, ಮೂರು ಪೆನ್ನಿಗೆ ಇದೆ... ಹೀಗೆ. ಒಳ್ಳೆ ಉಪಾಯ ಅಲ್ವಾ?

ಗುಲಾಬಿ ಸಿಕ್ಕರೆ ನಾಣ್ಯ ತಿರುಗಿಸಿ. ಗುರಾಣಿಯ ಮೇಲ್ಗಡೆ ಇಸವಿ ಇರುತ್ತದೆ. ಸವೆದಿದ್ದರೆ ಅಂಚಿನ ಬರಹ ಶುರುವಾಗುವ ಜಾಗದ ಚಿಕ್ಕ ಗುರುತು ಹುಡುಕಿ. ಟಂಕಸಾಲೆ ಇದನ್ನು ಆಗಾಗ ಬದಲಾಯಿಸುತ್ತಿತ್ತು. ಸಿಂಹ ಇದ್ದರೆ 1567, ಗಂಟೆ ಇದ್ದರೆ 1582ರ ಆಸುಪಾಸು. ಕೊನೆಕೊನೆಗೆ ಸುಮ್ನೆ ಅಂಕಿಯನ್ನೇ ಹಾಕಿದರು: 1 ಅಂದರೆ 1601, 2 ಅಂದರೆ 1602.

ಆಮೇಲೆ ತಕ್ಕಡಿ. ಆರು ಪೆನ್ನಿ ಸುಮಾರು 3 ಗ್ರಾಂ ತೂಗಬೇಕು. ಕಡಿಮೆ ಬಂದರೆ ಸವೆದಿರಬಹುದು, ಇಲ್ಲವೇ ಯಾರೋ ಅಂಚು ಕತ್ತರಿಸಿ ಬೆಳ್ಳಿ ಕದ್ದಿರಬಹುದು. ಆ ಕಾಲದಲ್ಲಿ ಇಂಥ ಕಳ್ಳತನ ಮಾಮೂಲಿಯಾಗಿತ್ತು. ಆಕಾರ ವಕ್ರವಾಗಿದ್ದರೆ ಗಾಬರಿ ಬೇಡ, ಸುತ್ತಿಗೆ ಏಟಿನಲ್ಲಿ ಮೂಡಿದ ನಾಣ್ಯ ಇರುವುದೇ ಹಾಗೆ. ನೀಟಾಗಿ ದುಂಡಗಿದ್ದರೆ ಫ್ರೆಂಚ್ ಕುಶಲಕರ್ಮಿ ಎಲೋಯ್ ಮೆಸ್ಟ್ರೆಲ್‌ನ ಯಂತ್ರದ್ದಿರಬಹುದು. ಪಾಪ, ಕಳ್ಳನಾಣ್ಯದ ಕೇಸಿನಲ್ಲಿ 1578ರಲ್ಲಿ ಅವನನ್ನೇ ಗಲ್ಲಿಗೇರಿಸಿದರು.

ಬಣ್ಣವನ್ನೂ ಗಮನಿಸಿ. ರಾಣಿಯ ಅಪ್ಪ 8ನೇ ಹೆನ್ರಿ ತಾಮ್ರ ಬೆರೆಸಿ ಬೆಳ್ಳಿಯನ್ನು ಮೂರನೇ ಒಂದು ಪಾಲಿಗೆ ಇಳಿಸಿದ್ದ. ನಾಣ್ಯ ಸವೆದಾಗ ಅದರ ಮೇಲಿನ ಅವನ ಮುಖದ ಮೂಗಿನಲ್ಲಿ ತಾಮ್ರ ಇಣುಕಿ, ಜನ ಅವನಿಗೆ ‘ತಾಮ್ರದ ಮೂಗಿನವ’ ಅಂತ ಹೆಸರಿಟ್ಟರು. ಮಗಳು 1560–61ರಲ್ಲಿ ಆ ಕಳಪೆ ನಾಣ್ಯಗಳನ್ನು ವಾಪಸ್ ತರಿಸಿ ಕರಗಿಸಿದಳು. ಅವಳ ನಾಣ್ಯದಲ್ಲಿ ಹೆಚ್ಚುಕಡಿಮೆ 92.5% ಬೆಳ್ಳಿ.

ರಾಣಿಯ ಮುಖವೇ ಇಲ್ಲದೆ, ಒಂದು ಬದಿ ಗುರಾಣಿ, ಇನ್ನೊಂದು ಬದಿ ಕಿರೀಟ ಹೊತ್ತ ಕೋಟೆಬಾಗಿಲ ಜಾಲರಿ ಕಂಡರೆ? ನಿಮ್ಮ ಅದೃಷ್ಟ ಖುಲಾಯಿಸಿತು. ಅದು ಈಸ್ಟ್ ಇಂಡಿಯಾ ಕಂಪನಿಯ ಮೊದಲ ಪ್ರಯಾಣಕ್ಕಾಗಿ, ಸ್ಪೇನಿನ ರಿಯಾಲ್ ನಾಣ್ಯದ ತೂಕಕ್ಕೆ ಸರಿಯಾಗಿ ಹೊಡೆಸಿದ ನಾಣ್ಯ.