399ರ ಕುರ್ತಿಯನ್ನು ಕೊರಿಯರ್ ಇಲ್ಲದೆ ಆನ್‌ಲೈನ್ ಮಾರಿದ್ದು

ನಮ್ಮ ಅಂಗಡಿ ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿದೆ. ಸ್ಟೇಷನ್‌ನಿಂದ ನಡೆದರೆ ಆರು ನಿಮಿಷ. 160 ಚದರಡಿ, ಒಂದು ಪರದೆ ಕಟ್ಟಿದ ಟ್ರಯಲ್ ಮೂಲೆ, ಒಬ್ಬಳು ಹುಡುಗಿ, ನಾನು, ಸಂಜೆ ಹೊತ್ತು ನನ್ನ ಹೆಂಡತಿ. ಕುರ್ತಿ, ಲೆಗ್ಗಿಂಗ್ಸ್, ದುಪಟ್ಟಾ, ಹಬ್ಬಕ್ಕೆ ಒಂದಷ್ಟು ಸೆಟ್. 600 ರೂಪಾಯಿ ದಾಟಿದ ಮಾಲು ನಮ್ಮಲ್ಲಿ ಕಡಿಮೆ. ಇದನ್ನು ಬರೆಯುತ್ತಿರೋದು ಯಾಕೆ ಅಂದರೆ, ಈ ರೇಟಿನ ಬಟ್ಟೆಯನ್ನು ಚಿಕ್ಕ ಅಂಗಡಿಯವನು ಆನ್‌ಲೈನ್ ಮಾರಿ ಉಳಿಯೋಕಾಗಲ್ಲ ಅಂತ ನನಗೆ ಹೇಳದವರೇ ಇರಲಿಲ್ಲ. ಹೇಳಿದವರಲ್ಲಿ ನನ್ನ ಭಾವ ಮೊದಲನೆಯವರು. ಮುಲುಂಡ್‌ನಲ್ಲಿ ಅವರದು ಹೋಟೆಲ್. ಲೆಕ್ಕದಲ್ಲಿ ಪಕ್ಕಾ. ಅವರ ಮಾತು ಅರ್ಧ ಸರಿ ಇತ್ತು, ಅದು ಬೇರೆ ವಿಷಯ.

ಮೊದಲು 2019ರಲ್ಲಿ ವೆಬ್‌ಸೈಟ್ ಮಾಡಿಸಿದೆ. 60 ಸಾವಿರದ ಹತ್ತಿರ ಹೋಯಿತು. ಎಂಟು ತಿಂಗಳಲ್ಲಿ ಬಂದದ್ದು 14 ಆರ್ಡರ್, ಅದರಲ್ಲಿ ಮೂರು ನಮ್ಮ ಸಂಬಂಧಿಕರದ್ದೇ. ಅದರ ಬಗ್ಗೆ ಇಷ್ಟು ಸಾಕು.

ಲಾಕ್‌ಡೌನ್ ಆದ ಮೇಲೆ ಎಲ್ಲರ ಹಾಗೆ ನಾನೂ ಒಂದು ದೊಡ್ಡ ಆ್ಯಪ್‌ನಲ್ಲಿ ಮಾಲು ಹಾಕಿದೆ. ನಾನು ಜಿಎಸ್‌ಟಿ ಕಾಂಪೋಸಿಷನ್‌ನಲ್ಲಿದ್ದೆ, ಅಂದರೆ ವಹಿವಾಟಿನ ಮೇಲೆ ಇಷ್ಟು ಅಂತ ತೆರಿಗೆ ಕಟ್ಟುವ, ಸಣ್ಣ ವ್ಯಾಪಾರಿಗಳ ಸರಳ ಸ್ಕೀಮು. ಆಗ ಅದರಲ್ಲಿದ್ದವರಿಗೆ ಅಂಥ ಆ್ಯಪ್‌ಗಳಲ್ಲಿ ಮಾರೋಕೆ ಅವಕಾಶ ಇರಲಿಲ್ಲ. ಹಾಗಾಗಿ ರೆಗ್ಯುಲರ್‌ಗೆ ಬಂದೆ. ಸಿಎ ಫೀಸು ತಿಂಗಳಿಗೆ ಸಾವಿರದ ಚಿಲ್ಲರೆ ಜಾಸ್ತಿ ಆಯಿತು. ಪರವಾಗಿಲ್ಲ ಅಂದುಕೊಂಡೆ, ಯಾಕೆಂದರೆ ಮೊದಲ ತಿಂಗಳಲ್ಲೇ ದಿನಕ್ಕೆ 20, 25 ಪ್ಯಾಕೆಟ್ ಹೋಗುತ್ತಿದ್ದವು. ಅಸ್ಸಾಂಗೆ ಹೋಗ್ತಿದೆ, ಬಿಹಾರಕ್ಕೆ ಹೋಗ್ತಿದೆ ಅಂತ ಲೇಬಲ್ ನೋಡಿ ನಾವೇ ಖುಷಿಪಡುತ್ತಿದ್ದೆವು.

ಆಮೇಲೆ ವಾಪಸ್ ಬರೋಕೆ ಶುರುವಾಯಿತು.

ಲೆಕ್ಕ ನೆನಪಿನಿಂದಲೇ ಹೇಳುತ್ತೇನೆ, ಹತ್ತಿಪ್ಪತ್ತು ರೂಪಾಯಿ ಆಚೀಚೆ ಇರಬಹುದು. 399ರ ಕುರ್ತಿ. ಖರೀದಿ ಸುಮಾರು 215. ಟ್ಯಾಕ್ಸು, ಕೊರಿಯರ್, ಬ್ಯಾಗು, ಟೇಪು ಎಲ್ಲ ಕಳೆದರೆ ಕೈಗೆ 75. ನೂರು ಪ್ಯಾಕೆಟ್ ಹೋದರೆ 34 ವಾಪಸ್, ಯಾಕೆಂದರೆ ಹೆಚ್ಚಿನವು ಸಿಒಡಿ, ಅಂದರೆ ಮಾಲು ಕೈಗೆ ಬಂದ ಮೇಲೆ ದುಡ್ಡು ಕೊಡೋದು, ಬಾಗಿಲಿಗೆ ಬಂದಾಗ ಬೇಡ ಅನ್ನೋದಕ್ಕೆ ದುಡ್ಡು ಹೋಗಲ್ಲ. ವಾಪಸ್ ಬಂದ ಒಂದೊಂದಕ್ಕೂ ನನ್ನ ತಲೆ ಮೇಲೆ 130ರ ಹತ್ತಿರ ಬೀಳುತ್ತಿತ್ತು. ಅಂದರೆ 66ರಲ್ಲಿ ದುಡಿದದ್ದು 4,950. 34ರಲ್ಲಿ ಕಳೆದದ್ದು 4,420. ಉಳಿದದ್ದು 530. ಅದರ ಮೇಲೆ ವಾಪಸ್ ಬಂದವುಗಳಲ್ಲಿ ಆರು ಪೀಸ್ ಮಾರೋ ಹಾಗೇ ಇರುತ್ತಿರಲಿಲ್ಲ. ಒಂದು ಸಲ ತಿಳಿ ಹಸಿರು ಕುರ್ತಿ ಬಂತು, ಕೊರಳಪಟ್ಟಿಯಲ್ಲಿ ಅರಿಶಿನ, ಕಂಕುಳಲ್ಲಿ ಪೌಡರ್ ಗುರುತು, ಊದುಬತ್ತಿ ವಾಸನೆ. ಯಾರೋ ಪೂಜೆ ಮುಗಿಸಿ ಕಳಿಸಿದ್ದಾರೆ! ಕ್ಲೇಮ್ ಹಾಕಿದರೆ ಪ್ಯಾಕೆಟ್ ಬಿಚ್ಚುವ ವಿಡಿಯೊದಲ್ಲಿ ಲೇಬಲ್ ಸರಿಯಾಗಿ ಕಾಣ್ತಿಲ್ಲ ಅಂತ ತಿರಸ್ಕರಿಸಿದರು.

ಇನ್ನೊಂದು ಹೊಡೆತ ತೂಕದ್ದು. ಕುರ್ತಿ, ಪ್ಯಾಂಟು, ದುಪಟ್ಟಾ ಸೇರಿ ನಮ್ಮ ತಕ್ಕಡಿಯಲ್ಲಿ 490 ಗ್ರಾಂ. ಅವರ ತಕ್ಕಡಿಯಲ್ಲಿ 520. ಅರ್ಧ ಕಿಲೊ ದಾಟಿತು ಅಂತ ಕೊರಿಯರ್ ರೇಟು ಒಂದು ಕಿಲೊದ ಸ್ಲ್ಯಾಬ್. ಒಳಗಿನ ರಟ್ಟು ತೆಗೆದೆ, ತೆಳು ಕವರ್ ಹಾಕಿದೆ, 455ಕ್ಕೆ ಇಳಿಸಿದೆ. ಆಗ ಬಟ್ಟೆ ಮುದ್ದೆಯಾಗಿ ತಲುಪಿ "ಹಳೇದು ಕಳಿಸಿದ್ದಾರೆ" ಅಂತ ಒಂದು ಸ್ಟಾರ್ ಬಂತು. ಒಂದೂವರೆ ವರ್ಷದಲ್ಲಿ ಹೆಚ್ಚುಕಡಿಮೆ 1.8 ಲಕ್ಷ ಮುಳುಗಿಸಿ ಅಲ್ಲಿಂದ ಎದ್ದು ಬಂದೆ.

ದಾರಿ ಸಿಕ್ಕಿದ್ದು ನಮ್ಮ ಗಿರಾಕಿಗಳನ್ನು ನೋಡಿ. ಡೊಂಬಿವಲಿಯ ಅರ್ಧ ಊರು ಬೆಳಗ್ಗೆ ಲೋಕಲ್ ಹತ್ತಿ ಮುಂಬೈಗೆ ಹೋಗುತ್ತದೆ, ರಾತ್ರಿ ವಾಪಸ್ ಬರುತ್ತದೆ. ಲೇಡೀಸ್ ಡಬ್ಬದಲ್ಲಿ ಒಂದು ಗಂಟೆ ಫೋನ್ ನೋಡೋದು ಬಿಟ್ಟು ಬೇರೆ ಕೆಲಸ ಇಲ್ಲ. ಇಳಿದ ಮೇಲೆ ಹೇಗೂ ನಮ್ಮ ಬೀದಿಯಲ್ಲೇ ನಡೆದು ಹೋಗುತ್ತಾರೆ. ಹಾಗಿದ್ದರೆ ಪ್ಯಾಕೆಟನ್ನು ನಾನ್ಯಾಕೆ ಮನೆಗೆ ಕಳಿಸಬೇಕು? ಟ್ರೈನಲ್ಲಿ ಆರಿಸಲಿ, ಅಂಗಡಿಯಲ್ಲಿ ತಗೊಳ್ಳಲಿ.

ಭಾವ ನಕ್ಕರು. "ಎಂತ ಮಾರಾಯ, ಆನ್‌ಲೈನ್ ಅಂದ್ರೆ ಮನೆಗೆ ಬರೋದು. ಅಂಗಡಿಗೇ ಬನ್ನಿ ಅಂದ್ರೆ ಅದೆಂಥ ಆನ್‌ಲೈನ್?" ಅಕ್ಕನ ಮಗ ಮಾತ್ರ ಒಂದು ಸುದ್ದಿ ತೋರಿಸಿದ. ಇಂಗ್ಲೆಂಡಿನಲ್ಲಿ ಪ್ರೈಮಾರ್ಕ್ ಅಂತ ಅಗ್ಗದ ಬಟ್ಟೆಯ ದೊಡ್ಡ ಅಂಗಡಿ ಇದೆ. ಅವರು ಮನೆಗೆ ಕಳಿಸೋ ತಂಟೆಗೇ ಹೋಗಿರಲಿಲ್ಲ. 2022ರ ನವೆಂಬರಿನಲ್ಲಿ 25 ಅಂಗಡಿಗಳಲ್ಲಿ ಮಕ್ಕಳ ಬಟ್ಟೆ ಇಟ್ಟು, ವೆಬ್‌ಸೈಟಲ್ಲಿ ಬುಕ್ ಮಾಡಿ ಅಂಗಡಿಗೆ ಬಂದು ತಗೊಳ್ಳಿ ಅಂತ ಶುರು ಮಾಡಿದರು. ಮೊದಲ ದಿನವೇ ಜನ ಮುಗಿಬಿದ್ದು ವೆಬ್‌ಸೈಟ್ ಕುಸಿಯಿತಂತೆ. ಅಷ್ಟು ದೊಡ್ಡವರಿಗೇ ಅಗ್ಗದ ಮಾಲಿಗೆ ಕೊರಿಯರ್ ಗಿಟ್ಟಲ್ಲ ಅಂದರೆ ನನಗೆ ಹೇಗೆ ಗಿಟ್ಟೀತು?

2023ರ ಏಪ್ರಿಲ್‌ನಲ್ಲಿ ಶುರು ಮಾಡಿದೆ. ವಾಟ್ಸಾಪ್ ಬಿಸಿನೆಸ್ ಕ್ಯಾಟಲಾಗ್, ಯುಪಿಐ, ಅಷ್ಟೇ. 50 ರೂಪಾಯಿ ಮುಂಗಡ ಹಾಕಿದರೆ ಪೀಸ್ ಮೂರು ದಿನ ಎತ್ತಿಡುತ್ತೇನೆ. ಬಂದು ಹಾಕಿ ನೋಡಬಹುದು. ಇಷ್ಟ ಆಗದಿದ್ದರೆ 50 ಬೇರೆ ಪೀಸಿಗೆ ಕಳೆಯುತ್ತೇನೆ, ಕ್ಯಾಶ್ ವಾಪಸ್ ಇಲ್ಲ. ಮೊದಲು ಮುಂಗಡ ಇಲ್ಲದೆ ಇಟ್ಟು ಕೈ ಸುಟ್ಟುಕೊಂಡೆ, ಅರ್ಧಕ್ಕರ್ಧ ಜನ ಬರಲೇ ಇಲ್ಲ. ನಂತರ 100 ಮಾಡಿದೆ, ಬುಕಿಂಗೇ ಬಿದ್ದುಹೋಯಿತು. 50ಕ್ಕೆ ಮರ್ಯಾದೆ ಇದೆ ನೋಡಿ, ಕಳೆದುಕೊಳ್ಳೋಕೆ ಮನಸ್ಸು ಬರಲ್ಲ, ಕೊಡೋಕೆ ಹಿಂದೆಮುಂದೆ ನೋಡಲ್ಲ. ಮಾರೋದು ಎಲ್ಲ ಇಲ್ಲೇ ಆದ್ದರಿಂದ ಮುಂದಿನ ವರ್ಷ ಕಾಂಪೋಸಿಷನ್‌ಗೂ ವಾಪಸ್ ಹೋದೆ.

ಜಾಸ್ತಿ ತಲೆ ಕೆಡಿಸಿಕೊಂಡದ್ದು ಸೈಜ್ ಬಗ್ಗೆ. ಎಂ, ಎಲ್, ಎಕ್ಸ್‌ಎಲ್ ಅನ್ನೋದನ್ನೇ ತೆಗೆದುಹಾಕಿದೆ. ಒಂದು ಕಾರ್ಖಾನೆಯ ಎಲ್ ಅಂದರೆ ಎದೆ ಸುತ್ತಳತೆ 38 ಇಂಚು, ಇನ್ನೊಂದರದ್ದು 41. ಪ್ರತಿ ಲಾಟಿನಲ್ಲೂ ಕುರ್ತಿಯನ್ನು ಟೇಬಲ್ ಮೇಲೆ ಚಪ್ಪಟೆ ಹಾಸಿ, ಕಂಕುಳಿಂದ ಒಂದು ಇಂಚು ಕೆಳಗೆ ಟೇಪ್ ಇಟ್ಟು, ಅಂಕಿ ಕಾಣೋ ಹಾಗೆ ಫೋಟೊ. ಇನ್ನೊಂದು ಫೋಟೊ ಸೊಂಟದ್ದು. ಮಾಡೆಲ್ ಇಲ್ಲ, ಫಿಲ್ಟರ್ ಇಲ್ಲ. ಮೇಲಾಗಿ ಪ್ರತಿ ಲಾಟಿನ ಒಂದು ಪೀಸನ್ನು ನನ್ನ ಹೆಂಡತಿ ಮನೆಯಲ್ಲಿ ಒಗೆದು, ಒಣಗಿಸಿ, ಮತ್ತೆ ಅಳೆಯುತ್ತಾಳೆ. ರೇಯಾನ್ ಮೋಸ ಮಾಡುತ್ತದೆ, 42 ಇದ್ದದ್ದು ಒಗೆದ ಮೇಲೆ ನಲವತ್ತೂವರೆ. ಅದನ್ನೂ ಹಾಕುತ್ತೇವೆ: "ಒಗೆದ ಮೇಲೆ ಒಂದೂವರೆ ಇಂಚು ಕಮ್ಮಿ ಆಗುತ್ತೆ" ಅಂತ, ಮರಾಠಿಯಲ್ಲಿ. ಎದುರಿನ ಅಂಗಡಿಯವನು ಇದನ್ನು ಓದಿ, ಮಾಲಿನ ದೋಷವನ್ನು ತಾನೇ ಬರೆಯೋ ಹುಚ್ಚನನ್ನು ನೋಡಿರಲಿಲ್ಲ ಅಂದ. ಹೆಂಗಸರು ಮಾತ್ರ ಸ್ಕ್ರೀನ್‌ಶಾಟ್ ತೆಗೆದು ಗೆಳತಿಯರಿಗೆ ಕಳಿಸಿದರು.

ಈಗ ನೂರು ಬುಕಿಂಗ್ ಆದರೆ 90 ಜನ ಬರುತ್ತಾರೆ, 80ರಷ್ಟು ಅದೇ ಪೀಸ್ ಒಯ್ಯುತ್ತಾರೆ. ಮೂವತ್ತೈದು ನಲವತ್ತು ಜನ ಜೊತೆಗೆ ಲೆಗ್ಗಿಂಗ್ಸೋ ದುಪಟ್ಟಾನೋ ತಗೊಳ್ಳುತ್ತಾರೆ. ಲಾಭ ನಿಜವಾಗಿ ಇರೋದು ಅಲ್ಲೇ, ಕೊರಿಯರ್ ಹುಡುಗ ಬಾಗಿಲಲ್ಲಿ ನಿಂತು ಲೆಗ್ಗಿಂಗ್ಸ್ ಮಾರಲ್ಲ ಅಲ್ವಾ? ವ್ಯಾಪಾರ ಮೊದಲಿಗಿಂತ ಒಂದೂವರೆ ಪಟ್ಟು, ಬಾಡಿಗೆ ಅಷ್ಟೇ. ಅಂಗಡಿ ಮುಚ್ಚೋ ಹೊತ್ತು ಒಂಬತ್ತರಿಂದ ಹತ್ತೂಕಾಲಿಗೆ ಹೋಗಿದೆ, ಅದೊಂದು ಕಷ್ಟ. ಪ್ಯಾಕೆಟ್‌ಗಳನ್ನು ತಂತಿಗೆ ಬಟ್ಟೆ ಕ್ಲಿಪ್ಪಿನಿಂದ ನೇತುಹಾಕಿ ಫೋನ್ ನಂಬರಿನ ಕೊನೆಯ ನಾಲ್ಕು ಅಂಕಿ ಬರೆದಿರುತ್ತೇವೆ. ಟ್ರೈನ್ ಬಂದಾಗ ಒಟ್ಟಿಗೆ ಎಂಟು ಹತ್ತು ಜನ ನುಗ್ಗುತ್ತಾರೆ, ಹುಡುಕುತ್ತಾ ಕೂತರೆ ಹೋಗೇಬಿಡುತ್ತಾರೆ.

ಎಲ್ಲ ಪ್ರಯೋಗ ಗೆದ್ದಿಲ್ಲ. ಮುಲುಂಡ್‌ನಲ್ಲಿ ಭಾವನ ಹೋಟೆಲಿನ ಗಲ್ಲಾ ಪಕ್ಕ ಎರಡನೇ ಪಿಕಪ್ ಇಟ್ಟೆ. ಬಟ್ಟೆಗೆಲ್ಲ ಸಾಂಬಾರಿನ ಘಮ, ಮೇಲೆ ಹಾಕಿ ನೋಡೋಕೆ ಕನ್ನಡಿ ಇಲ್ಲ. ಎರಡೇ ವಾರ. ಒಂದು ರೀಲ್‌ಗೆ ಲಕ್ಷ ದಾಟಿ ವ್ಯೂ ಬಂತು, ಕೇಳಿದವರೆಲ್ಲ ಲಖನೌ, ಪಟ್ನಾದವರು. ಈಗ ಜಾಹೀರಾತು ಸ್ಟೇಷನ್ ಸುತ್ತ ಮೂರು ಕಿಲೊಮೀಟರಿಗೆ ಮಾತ್ರ, ದಿನಕ್ಕೆ 150 ರೂಪಾಯಿ.

ಇನ್ನೊಂದು ಹುಚ್ಚು ಗುಳೇದಗುಡ್ಡದ ಖಣದ್ದು, ಅಂದರೆ ಅಲ್ಲಿ ನೇಯುವ ಕುಪ್ಪಸದ ಬಟ್ಟೆ. ದೀಪಾವಳಿ ಬೆಳಗ್ಗೆ ಇಲ್ಲಿನ ಫಡ್ಕೆ ರೋಡಿನಲ್ಲಿ ಹುಡುಗ ಹುಡುಗಿಯರೆಲ್ಲ ಸಾಂಪ್ರದಾಯಿಕ ಬಟ್ಟೆ ಹಾಕಿಕೊಂಡು ಸೇರುತ್ತಾರೆ. ಖಣ ಅಂದರೆ ಮರಾಠಿಯವರಿಗೂ ಪ್ರಾಣ. ಊರಿಂದ ಖಣ ತರಿಸಿ ಕುರ್ತಿ ಹೊಲಿಸಿದೆ. ಖಣದ ಪನ್ನಾ, ಅಂದರೆ ಬಟ್ಟೆಯ ಅಗಲ, ಸಣ್ಣದು, ದೊಡ್ಡ ಸೈಜಿಗೆ ಜೋಡಣೆ ಬೇಕಾಯಿತು, ಟೈಲರ್ ಕೂಲಿ ಏರಿ ಬೆಲೆ 900 ಮುಟ್ಟಿತು. 40ರಲ್ಲಿ 11 ಹೋದವು. ಉಳಿದ ಬಟ್ಟೆಯಲ್ಲಿ ಚಿಕ್ಕ ಮಕ್ಕಳ ಪರಕರ ಪೋಲಕ (ಲಂಗ ರವಿಕೆ) ಹೊಲಿಸಿದೆ, ಅವು ನಾಲ್ಕೇ ದಿನದಲ್ಲಿ ಖಾಲಿ. ಈ ವರ್ಷ ಮಕ್ಕಳದ್ದು ಮಾತ್ರ.

ಉಲ್ಲಾಸನಗರದಲ್ಲಿ ಯಾವ ಗಲ್ಲಿಯಿಂದ ಮಾಲು ಎತ್ತುತ್ತೇನೆ ಅಂತ ಕೇಳಬೇಡಿ. ಸ್ಟೇಟಸ್ ಎಷ್ಟು ಗಂಟೆಗೆ ಹಾಕುತ್ತೇನೆ ಅನ್ನೋದೂ ನನ್ನ ಹತ್ತಿರವೇ ಇರಲಿ, ಅದಕ್ಕೆ ಆರು ತಿಂಗಳು ಟ್ರೈನ್ ಟೈಮ್‌ಟೇಬಲ್ ಹಿಡಿದು ಕೂತಿದ್ದೇನೆ.

ಎದುರಿನ ಅಂಗಡಿಯವನೂ ಕಳೆದ ತಿಂಗಳಿಂದ ಟೇಪ್ ಇಟ್ಟು ಫೋಟೊ ಹಾಕುತ್ತಿದ್ದಾನೆ. ಆದರೆ ಬಟ್ಟೆಯನ್ನು ಎಳೆದು ಹಿಡಿದು ಅಳೆಯುತ್ತಾನೆ, ಒಂದೂವರೆ ಇಂಚು ಜಾಸ್ತಿ ತೋರಿಸುತ್ತದೆ. ನಾನಿನ್ನೂ ಅವನಿಗೆ ಹೇಳಿಲ್ಲ.