ಕಾಗುಣಿತದ ದಾರಿಯಲ್ಲಿ ಇಂಗ್ಲಿಷ್

ಜನಗಣತಿಯ ಪ್ರಕಾರ 7 ವರ್ಷ ತುಂಬಿದವರು ಯಾವುದಾದರೂ ಒಂದು ಭಾಷೆಯನ್ನು ಅರ್ಥ ಮಾಡಿಕೊಂಡು ಓದಿ ಬರೆದರೆ ಸಾಕ್ಷರರು. ಆ ಲೆಕ್ಕಕ್ಕೆ ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆ ಕನ್ನಡ ಮಾಧ್ಯಮದಲ್ಲಿ ಚೆನ್ನಾಗಿ ಓದುವ ಮಗುವಿಗೆ ಏನೂ ಕೊರತೆಯಿಲ್ಲ. ಆದರೆ ಮಂಗಳೂರಿನ ಆಸ್ಪತ್ರೆಯಿಂದ ಅಜ್ಜಿ ತಂದ ಮದ್ದಿನ ಚೀಟಿ ಇಂಗ್ಲಿಷಿನಲ್ಲಿರುತ್ತದೆ. ನಾನು ಇಂಗ್ಲಿಷ್ ಕಲಿಸುವುದು ಆ ಚೀಟಿಗಾಗಿ, ಟೈ ಕಟ್ಟಿಸಿ ‘ಗುಡ್ ಮಾರ್ನಿಂಗ್’ ಹೇಳಿಸಲಿಕ್ಕಲ್ಲ.

ಎಬಿಸಿಡಿ ಬಾಯಿಪಾಠದಿಂದ ಶುರು ಮಾಡುವುದಿಲ್ಲ. 26 ಹೆಸರು ಬಂದರೂ ‘ಪಿ-ಐ-ಎನ್’ ಎನ್ನುವ ಮಗುವಿಗೆ ‘ಪಿನ್’ ಹೊಳೆಯುವುದಿಲ್ಲ. ಮೊದಲು ಎಸ್, ಎ, ಟಿ, ಪಿ, ಐ, ಎನ್, ಈ 6ರ ಸದ್ದು ಮಾತ್ರ. ಹಳೆಯ ಮದುವೆ ಕಾಗದ ಕತ್ತರಿಸಿದ ರಟ್ಟಿನಲ್ಲಿ ಒಂದೊಂದು ಅಕ್ಷರ, ಹಿಂಬದಿಯಲ್ಲಿ ಕನ್ನಡದ ಸ್, ಆ್ಯ, ಟ್, ಪ್, ಇ, ನ್. ಅರ್ಧಾಕ್ಷರವೇ ಆಗಬೇಕು. ನಮ್ಮ ‘ಪ’ದೊಳಗೆ ‘ಅ’ ಕೂತಿರುವುದರಿಂದ ‘ಪ-ಇ-ನ’ ಎಷ್ಟು ಬೇಗ ಹೇಳಿದರೂ ಕೂಡಿಕೊಳ್ಳುವುದಿಲ್ಲ. ಪ್, ಇ ಸೇರಿ ಪಿ, ಇದು ಒಂದನೇ ಕ್ಲಾಸಿನ ಕಾಗುಣಿತವೇ. ಅದಕ್ಕೆ ನ್ ಅಂಟಿಸಿದರೆ ಆಯಿತು. ಇದೇ ರಟ್ಟುಗಳಲ್ಲಿ ಟಿನ್, ಸಿಟ್, ಟ್ಯಾಪ್, ಪ್ಯಾಂಟ್ ಎಲ್ಲ ಹುಟ್ಟುತ್ತವೆ.

ಕನ್ನಡ, ತುಳು ಮನೆಮಾತಿನವರು ಕೊನೆಗೊಂದು ‘ಉ’ ಸೇರಿಸಿ ‘ಟಿನ್ನು’ ಅನ್ನುತ್ತಾರೆ. ಮಲೆಯಾಳ ಮನೆಮಾತಿನವರಿಗೆ ಈ ತೊಡಕು ಕಡಿಮೆ, ಹಾಲು ಅವರಿಗೆ ‘ಪಾಲ್’ ತಾನೆ! ಮಾತಿನಲ್ಲಿ ಬಂದರೆ ಬಿಟ್ಟುಬಿಡುತ್ತೇನೆ. ಬರೆಯುವಾಗ ‘ಯು’ ಹಚ್ಚಿದರೆ ಮಾತ್ರ ತಿದ್ದುತ್ತೇನೆ.

ನಿಜವಾದ ಪೇಚು ‘ಎ’ ಅಕ್ಷರದ್ದು. ಕ್ಯಾಟ್, ಕೇಕ್, ಬಾಲ್ ಮೂರರಲ್ಲೂ ಅದೇ ಅಕ್ಷರ, ಸದ್ದು ಬೇರೆ. ಬರೆದಂತೆ ಓದಿ ರೂಢಿಯಾದ ಮಗು ತನ್ನದೇ ತಪ್ಪು ಎಂದುಕೊಂಡು ಬಾಯಿ ಮುಚ್ಚುತ್ತದೆ. ತಪ್ಪು ಇಂಗ್ಲಿಷಿನದ್ದು ಎಂದು ಮೊದಲೇ ಹೇಳಿಬಿಡಬೇಕು. ನಿಯಮ ಬೇಡ, ಗುಂಪು ಸಾಕು: ಒಂದು ದಿನ ಕೇಕ್, ಲೇಕ್, ಮೇಕ್; ಮರುದಿನ ಬಾಲ್, ಕಾಲ್, ವಾಲ್. ಎರಡನ್ನೂ ಒಂದೇ ದಿನ ಬೆರೆಸಿದರೆ ಕೆಟ್ಟಿತು.

ಪರೀಕ್ಷೆ ಚೀಟಿಯಲ್ಲೇ. 1-0-1 ಅಂದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಪಕ್ಕದ ‘ಬಿಫೋರ್ ಫುಡ್’ ಓದಿ ಕನ್ನಡದಲ್ಲೋ ತುಳುವಿನಲ್ಲೋ ಹೇಳಬೇಕು. ಸರಾಗವಾಗಿ ಓದಿ ‘ಉಂಡ ಮೇಲೆ’ ಎಂದವರು ಇನ್ನೊಮ್ಮೆ ಓದಲಿ. ತಡವರಿಸಿಯೂ ‘ಉಣ್ಣುವ ಮೊದಲು’ ಎಂದವರಿಗೆ ಮುಂದಿನ ಚೀಟಿ.