ಬೆಳಕು ಜಾಸ್ತಿ ಇದ್ದಾಗಲೇ ಫ್ಲ್ಯಾಶ್

ಕಾರವಾರದ ಕಡಲತೀರದಲ್ಲಿ ಸಂಜೆ ಫೋಟೊ ತೆಗೆಯುವವರದ್ದೆಲ್ಲ ಒಂದೇ ಗೋಳು. ಸೂರ್ಯ ಮುಳುಗುವುದು ಸಮುದ್ರದ ಕಡೆ. ಎಲ್ಲರಿಗೂ ಬೇಕಾದ ಹಿನ್ನೆಲೆಯೂ ಸಮುದ್ರವೇ. ಎದುರು ನಿಂತವರ ಮುಖಕ್ಕೆ ಮಾತ್ರ ಬೆಳಕಿಲ್ಲ. ಮುಖ ಕಾಣುವ ಹಾಗೆ ತೆಗೆದರೆ ಆಕಾಶ ಸುಣ್ಣ ಬಳಿದ ಗೋಡೆ, ಆಕಾಶ ಉಳಿಸಿಕೊಂಡರೆ ಮುಖ ಇದ್ದಿಲು. ಟಾಗೋರ್ ಬೀಚಿನಲ್ಲಿ ಅಕ್ಕ-ಭಾವನನ್ನು ನಿಲ್ಲಿಸಿ ತೆಗೆದ ಫೋಟೊ ನೋಡಿ ಭಾವ, "ಇದರಲ್ಲಿ ನಾನ್ಯಾರು, ಅವಳ್ಯಾರು?" ಎಂದು ಕೇಳಿದ್ದರು.

ಕ್ಯಾಮೆರಾದ ತಲೆಯ ಮೇಲೆ ಫ್ಲ್ಯಾಶ್ ಸಿಕ್ಕಿಸಿ ಇನ್ನೊಂದು ತೆಗೆದೆ. ಇಬ್ಬರೂ ಕಂಡರು, ಆದರೆ ಆಧಾರ್ ಕಾರ್ಡಿನಲ್ಲಿ ಕಂಡ ಹಾಗೆ. ಕೆನ್ನೆ ಯಾವುದು, ಮೂಗು ಯಾವುದು ಒಂದೂ ಇಲ್ಲ, ಎಲ್ಲ ಚಪ್ಪಟೆ. ಹಣೆ ಮಾತ್ರ ಎಣ್ಣೆ ಹಚ್ಚಿದ ಹಾಗೆ ಮಿಂಚುತ್ತಿತ್ತು. ಬೆಳಕು ಕಣ್ಣಿದ್ದ ಕಡೆಯಿಂದಲೇ ಬಂದರೆ ನೆರಳು ಕಾಣುವುದೇ ಇಲ್ಲ. ನೆರಳಿಲ್ಲದಿದ್ದರೆ ಮುಖಕ್ಕೆ ಉಬ್ಬು ತಗ್ಗೂ ಇಲ್ಲ. ಹಾಗಾದರೆ ಫ್ಲ್ಯಾಶನ್ನು ಕ್ಯಾಮೆರಾದಿಂದ ಬಿಡಿಸಿ ಪಕ್ಕಕ್ಕೆ ಒಯ್ಯಬೇಕು. ಹೇಳುವುದಕ್ಕೆ ಸುಲಭ, ಅಲ್ವಾ? ನನಗೆ ಒಂದು ವರ್ಷ ಹಿಡಿಯಿತು. ವಾರವೆಲ್ಲ ಕಚೇರಿ, ಕ್ಯಾಮೆರಾ ಏನಿದ್ದರೂ ಭಾನುವಾರ.

ಸಾಮಾನು ಹೆಚ್ಚೇನಿಲ್ಲ. ಯಾರೋ ಬಳಸಿ ಬಿಟ್ಟ ಒಂದು ಮ್ಯಾನುಯಲ್ ಫ್ಲ್ಯಾಶ್, ಅದನ್ನು ದೂರದಿಂದ ಹೊತ್ತಿಸುವ ರೇಡಿಯೊ ಟ್ರಿಗರ್, ಒಂದು ತೆಳು ಸ್ಟ್ಯಾಂಡ್, ಫ್ಲ್ಯಾಶಿನ ಮುಂದೆ ಹಿಡಿಯುವ, ಬೆಳಕು ಹಾಯುವ ಬಿಳಿ ಕೊಡೆ, ಮತ್ತೆ ಮತ್ತೆ ಚಾರ್ಜ್ ಮಾಡುವ ಎಂಟು ಸೆಲ್. ತಾನೇ ಲೆಕ್ಕ ಹಾಕುವ ಟಿಟಿಎಲ್ ಫ್ಲ್ಯಾಶ್ ತೆಗೆದುಕೊಳ್ಳಲು ದುಡ್ಡಿರಲಿಲ್ಲ. ಈಗ ಅನಿಸುತ್ತದೆ, ಒಳ್ಳೆಯದೇ ಆಯಿತು. ಲೆಕ್ಕವನ್ನು ನಾನೇ ಹಾಕಬೇಕಾಯಿತು.

ಮೊದಲ ಮಾಡೆಲ್ ತೆಂಗಿನಕಾಯಿ. ಸುಮ್ನೆ ತಮಾಷೆಗೆ ಹೇಳುತ್ತಿಲ್ಲ. ಮನೆಯಲ್ಲಿ ಯಾರನ್ನು ಕೂರಿಸಿದರೂ ಹತ್ತೇ ನಿಮಿಷಕ್ಕೆ ಎದ್ದು ಹೋಗುತ್ತಿದ್ದರು. ಸುಲಿದ ಕಾಯಿಗೆ ಮೂರು ಕಣ್ಣು, ಒಂದು ಜುಟ್ಟು, ಬೇಕಾದಷ್ಟು ತಾಳ್ಮೆ. ಸ್ಟೂಲಿನ ಮೇಲೆ ಇಟ್ಟು, ಕೊಡೆಯನ್ನು ನಾಲ್ಕು ಅಡಿ ದೂರದಲ್ಲಿ ಪಕ್ಕಕ್ಕೆ ನಿಲ್ಲಿಸಿ, ಫ್ಲ್ಯಾಶಿನ ಪವರನ್ನು ಪೂರ್ತಿಯ 1/16ಕ್ಕೆ ಇಟ್ಟು ತೆಗೆದೆ. ಕಾಯಿಯ ನಾರು ಒಂದೊಂದೇ ಎದ್ದು ಕಂಡಿತು. ಬೆಳಕಿನಿಂದ ನೆರಳಿಗೆ ಮೆಲ್ಲಗೆ ಇಳಿಯುವ ಅಂಚು. ಕೊಡೆಯನ್ನು ಎಂಟು ಅಡಿಗೆ ಒಯ್ದೆ. ಕಾಯಿ ಕತ್ತಲಾಯಿತು. ದೂರ ಎರಡು ಪಟ್ಟಾದರೆ ಬೆಳಕು ಅರ್ಧವಲ್ಲ, ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಪಿಯುಸಿಯಲ್ಲಿ ಬಾಯಿಪಾಠ ಮಾಡಿ ಮರೆತಿದ್ದ ವಿಲೋಮ ವರ್ಗ ನಿಯಮ. ಮೊದಲಿನಷ್ಟೇ ಬೆಳಕು ಬೇಕಾದರೆ ಪವರನ್ನು 1/16ರಿಂದ 1/4ಕ್ಕೆ ಏರಿಸಬೇಕು. ಏರಿಸಿದೆ. ಬೆಳಕು ಬಂತು, ಆದರೆ ನೆರಳಿನ ಅಂಚು ಕತ್ತಿಯ ಹಾಗೆ ಚೂಪಾಗಿತ್ತು, ಹಿಂದಿನ ಗೋಡೆಯೂ ಬೆಳಗಿಬಿಟ್ಟಿತ್ತು. ಕೊಡೆ ಅದೇ ಆದರೂ ದೂರದಿಂದ ನೋಡುವ ಕಾಯಿಗೆ ಅದು ಚಿಕ್ಕದು. ಬೆಳಕಿನ ಮೂಲ ಚಿಕ್ಕದಾದಷ್ಟೂ ನೆರಳು ಗಡಸು. ಕೊಡೆಯನ್ನು ಫೋಟೊದ ಚೌಕಟ್ಟಿಗೆ ತಾಗುವಷ್ಟು ಹತ್ತಿರ ತರುವ ಅಭ್ಯಾಸ ಅವತ್ತಿನಿಂದಲೇ ಬಂತು. ಎರಡು ವಾರ ಆದ ಮೇಲೆ ಅಮ್ಮ ಆ ಕಾಯಿ ಒಡೆದು ಚಟ್ನಿ ಮಾಡಿದಳು.

ಮನೆಯೊಳಗೆ ಕಲಿತದ್ದು ಬೀಚಿನಲ್ಲಿ ಮೊದಲ ನಿಮಿಷಕ್ಕೇ ಕೈಕೊಟ್ಟಿತು. ಮಧ್ಯಾಹ್ನದ ಮೇಲೆ ಕಡಲಿನಿಂದ ಬೀಸುವ ಗಾಳಿಯ ವಿಷಯ ಕಾರವಾರದವರಿಗೆ ಹೇಳಬೇಕಿಲ್ಲ. ಕೊಡೆ ಬಿಚ್ಚಿ ತಿರುಗಿ ನೋಡುವಷ್ಟರಲ್ಲಿ ಸ್ಟ್ಯಾಂಡ್ ಸಮೇತ ಮಕಾಡೆ ಮಲಗಿತ್ತು. ಕೊಡೆಯ ಎರಡು ಕಡ್ಡಿ ಮುರಿದಿದ್ದವು. ಪುಣ್ಯಕ್ಕೆ ಫ್ಲ್ಯಾಶ್ ಬಿದ್ದದ್ದು ಮರಳಿನ ಮೇಲೆ. ಕೀಲಿನೊಳಗೆ ಸೇರಿದ ಮರಳು ಮಾತ್ರ ಇವತ್ತಿಗೂ ತಿರುಗಿಸಿದರೆ ಕರಕರ ಎನ್ನುತ್ತದೆ. ಆಮೇಲೆ ತರಕಾರಿ ಚೀಲಕ್ಕೆ ಬೀಚಿನ ಮರಳನ್ನೇ ತುಂಬಿ ಸ್ಟ್ಯಾಂಡಿಗೆ ನೇತುಹಾಕಿದೆ. ಅದಕ್ಕಿಂತ ಒಳ್ಳೆಯ ಉಪಾಯ ಅಕ್ಕನ ಮಗ. ಸ್ಟ್ಯಾಂಡನ್ನು ಅವನ ಕೈಗೇ ಕೊಟ್ಟರೆ "ಸ್ವಲ್ಪ ಎಡಕ್ಕೆ, ಇನ್ನೂ ಮೇಲೆ" ಎಂದ ಕೂಡಲೇ ಜರುಗುತ್ತಾನೆ. ಮೂರು ಐಸ್‌ಕ್ರೀಮಿಗೆ ಒಂದು ಸಂಜೆ. "ಮಾವ, ಕೈ ನೋಯ್ತಾ ಇದೆ" ಎನ್ನುವುದರೊಳಗೆ ಮುಗಿಸಬೇಕು, ಅಷ್ಟೇ.

ಎರಡನೇ ಪೆಟ್ಟು ಕ್ಯಾಮೆರಾದ ಒಳಗಿನದು. ಬಿಸಿಲು ಜೋರಿತ್ತೆಂದು ಶಟರನ್ನು ಸೆಕೆಂಡಿನ 1/500ಕ್ಕೆ ಇಟ್ಟೆ. ಫೋಟೊದ ಕೆಳಗಿನ ಭಾಗಕ್ಕೆ ಫ್ಲ್ಯಾಶಿನ ಬೆಳಕೇ ಬಿದ್ದಿರಲಿಲ್ಲ, ಅಡ್ಡಕ್ಕೆ ಒಂದು ಕಪ್ಪು ಪಟ್ಟಿ. ಮಾರಿದವನು ಹಾಳಾದ ಫ್ಲ್ಯಾಶ್ ದಾಟಿಸಿದ ಅಂತ ಒಂದು ರಾತ್ರಿ ಬೈದುಕೊಂಡೆ. ತಪ್ಪು ನನ್ನದೇ. ಶಟರ್ ಎಂದರೆ ಎರಡು ಪರದೆ. ಒಂದು ಸರಿದು ತೆರೆಯುತ್ತದೆ, ಇನ್ನೊಂದು ಹಿಂದೆಯೇ ಬಂದು ಮುಚ್ಚುತ್ತದೆ. ವೇಗ ಹೆಚ್ಚಾದರೆ ಮೊದಲನೆಯದು ಪೂರ್ತಿ ಸರಿಯುವ ಮೊದಲೇ ಎರಡನೆಯದು ಹೊರಟಿರುತ್ತದೆ. ಸೆನ್ಸರ್ ಪೂರ್ತಿ ತೆರೆದಿರುವ ಕ್ಷಣವೇ ಇರುವುದಿಲ್ಲ. ಫ್ಲ್ಯಾಶ್ ಹೊತ್ತುವುದೋ ಸೆಕೆಂಡಿನ ಸಾವಿರದ ಒಂದು ಭಾಗದ ಆಸುಪಾಸು. ಆಗ ಪರದೆಯ ಮರೆಯಲ್ಲಿದ್ದ ಭಾಗ ಕಪ್ಪು. ನನ್ನ ಕ್ಯಾಮೆರಾಕ್ಕೆ 1/200 ಗಡಿ, ಕೆಲವಕ್ಕೆ 1/250. ಅದಕ್ಕೂ ಮೇಲೆ ಹೋಗುವ ಹೈಸ್ಪೀಡ್ ಸಿಂಕ್ ಎಂಬುದೊಂದಿದೆ. ನನ್ನ ಫ್ಲ್ಯಾಶಿಗೆ ಅದಿಲ್ಲ. ಇದ್ದರೂ ಫ್ಲ್ಯಾಶಿನ ಶಕ್ತಿಯನ್ನು ಬಹಳಷ್ಟು ತಿನ್ನುತ್ತದೆ.

ಆದರೆ ಈ ಪರದೆಯ ಲೆಕ್ಕ ತಲೆಗೆ ಹೋದ ದಿನವೇ ಉಳಿದದ್ದೂ ಹೋಯಿತು. ಫ್ಲ್ಯಾಶ್ ಹೊತ್ತಿ ಆರುವುದು ಕಣ್ಣು ಮಿಟುಕಿಸುವುದಕ್ಕಿಂತ ಬೇಗ. ಆದ್ದರಿಂದ ಗಡಿಯೊಳಗೆ ಶಟರ್ ಎಷ್ಟು ಹೊತ್ತು ತೆರೆದಿದ್ದರೂ ಫ್ಲ್ಯಾಶಿಗೆ ಏನೂ ಅಲ್ಲ. ಆಕಾಶಕ್ಕೆ ಮಾತ್ರ ವ್ಯತ್ಯಾಸ. ಶಟರ್ ಆಕಾಶದ್ದು, ಫ್ಲ್ಯಾಶಿನ ಪವರ್ ಮುಖದ್ದು, ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ, ಇಬ್ಬರಿಗೂ ಸೇರಿದ್ದು. ನಾನು ಅಲ್ಲಿಯವರೆಗೆ ಫ್ಲ್ಯಾಶ್ ಇರುವುದು ಕತ್ತಲಿಗೆ ಅಂದುಕೊಂಡಿದ್ದೆ. ಬೆಳಕು ಜಾಸ್ತಿ ಇರುವಾಗ, ಹಿಂದಿನ ಬೆಳಕನ್ನು ಬೇಕಾದಷ್ಟು ಇಳಿಸಿ ಮುಖವನ್ನು ಮಾತ್ರ ಉಳಿಸಿಕೊಳ್ಳಲು ಅದು ಬೇಕು. ಈಗ ಮೊದಲು ಫ್ಲ್ಯಾಶ್ ಆರಿಸಿ ಆಕಾಶವನ್ನು ಮಾತ್ರ ನೋಡಿ ಒಂದು ತೆಗೆಯುತ್ತೇನೆ. ಅದು ಸರಿ ಅನಿಸಿದ ಮೇಲೆ ಫ್ಲ್ಯಾಶ್ ಹಾಕಿ ಮುಖಕ್ಕೆ ಬರುತ್ತೇನೆ. ಈ ಕ್ರಮ ತಪ್ಪಿದರೆ ಗುಂಡಿಗಳ ಜೊತೆ ಗುದ್ದಾಡುವುದೇ ಆಗುತ್ತದೆ.

ಚಳಿಗಾಲದ ಒಂದು ಭಾನುವಾರ ಮಾಜಾಳಿಯಲ್ಲಿ ರಂಪಣಿ ಎಳೆಯುತ್ತಿದ್ದರು. ದಡದಲ್ಲಿ ನಿಂತು ಹತ್ತಾರು ಜನ ಹಗ್ಗ ಜಗ್ಗಿ ಬಲೆಯನ್ನು ತರುವ ಕೆಲಸ ಮುಗಿದು, ಒಬ್ಬ ಹಿರಿಯರು ದೋಣಿಗೆ ಒರಗಿ ಕೂತಿದ್ದರು. "ಕಾಕಾ, ಒಂದು ಫೋಟೊ?" ಎಂದೆ. ಕೂತಲ್ಲಿಂದ ಏಳದೆ ತಲೆಯಾಡಿಸಿದರು. ಸಮಯ ನಾಲ್ಕೂವರೆ. ಅವರ ಹಿಂದೆ ನೀರು ಕಣ್ಣು ಕುಕ್ಕುತ್ತಿತ್ತು. ಸೆನ್ಸರ್ ಬೆಳಕಿಗೆ ಸ್ಪಂದಿಸುವ ಅಳತೆಯಾದ ಐಎಸ್ಒ 100, ಶಟರ್ 1/200, ಅಪರ್ಚರನ್ನು ಎಫ್ 16ರವರೆಗೆ ಮುಚ್ಚಿದೆ. ಆಕಾಶ ಗಾಢವಾಗಿ ಬಂತು. ಈಗ ಮುಖಕ್ಕೆ ಬೆಳಕು ಬೇಕು, ಅದೂ ಇಷ್ಟು ಚಿಕ್ಕ ಕಿಂಡಿಯಲ್ಲಿ ತೂರುವಷ್ಟು. ಕೊಡೆ ಹಾಕಿದರೆ ಅದೇ ಸುಮಾರು ಎರಡು ಸ್ಟಾಪ್ ನುಂಗುತ್ತದೆ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ). ಗಾಳಿಯೂ ಬಿಡುವುದಿಲ್ಲ. ಬರೀ ಫ್ಲ್ಯಾಶನ್ನೇ ಪೂರ್ತಿ ಪವರಿನಲ್ಲಿ, ಅವರ ಎಡಗಡೆ ಎರಡು ಮೀಟರಿನಲ್ಲಿ, ತಲೆಗಿಂತ ಸ್ವಲ್ಪ ಮೇಲೆ ಹಿಡಿಸಿದೆ. ಬರೀ ಫ್ಲ್ಯಾಶ್ ಗಡಸು ಬೆಳಕು. ಮದುಮಗಳಿಗೆ ಹಾಕಿದರೆ ಅವಳ ಮನೆಯವರು ದುಡ್ಡು ಕೊಡುವುದಿಲ್ಲ. ಆದರೆ ಇವರ ಮುಖಕ್ಕೆ ಅದೇ ಒಪ್ಪಿತು. ಕಣ್ಣಿನ ಪಕ್ಕದ ಗೆರೆಗಳು, ಗಡ್ಡದ ಬಿಳಿ ಮೊಳಕೆ, ಕುತ್ತಿಗೆಗೆ ಅಂಟಿದ್ದ ಉಪ್ಪಿನ ಪುಡಿ ಎಲ್ಲ ಬಂದವು. ಪೂರ್ತಿ ಪವರಿನಲ್ಲಿ ಸೆಲ್‌ಗಳು ಬೇಗ ಸುಸ್ತಾಗುತ್ತವೆ. ಒಂದು ಹೊಡೆದು ಮುಂದಿನದಕ್ಕೆ ನಾಲ್ಕೈದು ಸೆಕೆಂಡ್ ಕಾಯಬೇಕು. ಆ ಕಾಯುವ ಹೊತ್ತಿನಲ್ಲಿ ಕಾಕಾ ಪೋಸು ಮರೆತು ನೀರಿನ ಕಡೆ ನೋಡಿದರು. ನಾನು ಇಟ್ಟುಕೊಂಡದ್ದು ಅದನ್ನೇ.

ಅಲ್ಲಿಂದ ಗುಡ್ಡ ಹತ್ತಿಳಿದರೆ ತಿಳ್ಮಾತಿ ಬೀಚು. ಎಳ್ಳು ಚೆಲ್ಲಿದ ಹಾಗೆ ಕಪ್ಪು ಮರಳು. ಮುಂದಿನ ವಾರ ಅಕ್ಕನ ಮಗನನ್ನೇ ಅಲ್ಲಿ ಕೂರಿಸಿ, ಮಾಜಾಳಿಯ ಲೆಕ್ಕವನ್ನೇ ಹಾಕಿದೆ. ಬೆಳಕು ಬಿದ್ದ ಕೆನ್ನೆ ಸರಿಯಾಗಿತ್ತು, ಇನ್ನೊಂದು ಕೆನ್ನೆ ಪೂರ್ತಿ ಮಾಯ. ಮಾಮೂಲಿ ಬೀಚಿನ ತಿಳಿ ಮರಳು ಕೆಳಗಿನಿಂದ ಒಂದಿಷ್ಟು ಬೆಳಕನ್ನು ವಾಪಸ್ ಎಸೆದು ನೆರಳನ್ನು ತುಂಬಿಕೊಡುತ್ತಿತ್ತು. ನನಗದು ಗೊತ್ತೇ ಇರಲಿಲ್ಲ, ನನ್ನ ಕೈಚಳಕ ಅಂದುಕೊಂಡಿದ್ದೆ! ಕಪ್ಪು ಮರಳು ಎಲ್ಲವನ್ನೂ ಕುಡಿಯುತ್ತದೆ. ಸ್ನಾನಕ್ಕೆಂದು ತಂದಿದ್ದ ಬಿಳಿ ಪಂಚೆಯನ್ನು ಅವನ ಮುಂದೆ ನೆಲಕ್ಕೆ ಹಾಸಿದ ಮೇಲೆ ಕೆನ್ನೆ ವಾಪಸ್ ಬಂತು.

ಸಂಜೆಯ ಬಣ್ಣದ್ದು ಬೇರೆ ಕಥೆ. ಫ್ಲ್ಯಾಶಿನ ಬೆಳಕು ಮಧ್ಯಾಹ್ನದ ಬಿಸಿಲಿನ ಬಣ್ಣದ್ದು. ಮುಳುಗುವ ಸೂರ್ಯನ ಕೆಂಪಿನ ಮುಂದೆ ಆ ಬಿಳಿ, ಬೇರೆ ಫೋಟೊದಿಂದ ಮುಖ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ. ನಾಟಕದ ಲೈಟಿನವರ ಹತ್ತಿರ ಕೇಳಿ ಒಂದು ತುಂಡು ಕೇಸರಿ ಜೆಲಟಿನ್ ಹಾಳೆ ತಂದು ಫ್ಲ್ಯಾಶಿನ ಬಾಯಿಗೆ ಅಂಟಿಸಿದೆ. ಅಕ್ಕ ಕೇಸರಿಬಾತಿನ ಬಣ್ಣಕ್ಕೆ ತಿರುಗಿದಳು. ಆಮೇಲೆ ಫೋಟೊದವರದ್ದೇ ತಿಳಿ ಕಿತ್ತಳೆ ಹಾಳೆ ತರಿಸಿದೆ. ಸೂರ್ಯ ಮುಳುಗಿದ ಮೇಲಿನ ಹತ್ತು ಹದಿನೈದು ನಿಮಿಷವೇ ನನಗೆ ಈಗ ಇಷ್ಟ. ಗಾಳಿಯೂ ತಗ್ಗಿರುತ್ತದೆ, ಎಫ್ 4ರಲ್ಲಿ 1/16 ಪವರೇ ಸಾಕು, ಕೊಡೆಯನ್ನೂ ಬಿಚ್ಚಬಹುದು.

ಕೊಡೆಗೆ ನಿಜವಾದ ಜಾಗ ಶಿರಸಿ ಕಡೆಯ ನನ್ನ ಅಜ್ಜನಮನೆ. ಅಡಿಕೆ ತೋಟದೊಳಗೆ ಗಾಳಿ ಇಲ್ಲ, ಬಿಸಿಲೂ ಇಲ್ಲ. ಸೋಗೆ, ಬಾಳೆ, ಏಲಕ್ಕಿ ಎಲೆಗಳಿಂದ ಸೋಸಿ ಬಂದ ಬೆಳಕಿಗೆ ಹಸಿರು ಛಾಯೆ ಇರುತ್ತದೆ, ಮುಖ ಕಾಯಿಲೆಯವರ ಹಾಗೆ ಕಾಣುತ್ತದೆ. ಕೊಡೆಯ ಬಿಳಿ ಬೆಳಕು ಮುಖಕ್ಕೆ ಮಾತ್ರ ಬಿದ್ದರೆ ಹಸಿರು ಹಿಂದೆ ಸರಿದು ತೋಟವಾಗಿಯೇ ಉಳಿಯುತ್ತದೆ.

ಅಲ್ಲಿ ಒಂದು ರಾತ್ರಿ ಅಂಗಳದಲ್ಲಿ ಅಡಿಕೆ ಸುಲಿಯುವ ಕೆಲಸ. ಸೋದರಮಾವ ಹಳದಿ ಬಲ್ಬಿನ ಕೆಳಗೆ ಮೆಟ್ಟುಗತ್ತಿಯ ಮುಂದೆ ಕೂತಿದ್ದರು. ಬಲ್ಬಿನ ಬೆಳಕೂ ಬರಲಿ ಎಂದು ಶಟರನ್ನು 1/15ಕ್ಕೆ ಇಳಿಸಿ, ಫ್ಲ್ಯಾಶಿಗೆ ಕಿತ್ತಳೆ ಹಾಳೆ ಹಾಕಿದೆ. ಎಲ್ಲ ಸರಿ, ಆದರೆ ಮಾವನ ಕನ್ನಡಕದ ಎರಡೂ ಗಾಜಿನಲ್ಲಿ ಕೊಡೆ ಕಡ್ಡಿ ಸಮೇತ ಕೂತಿತ್ತು. ಕಣ್ಣೇ ಇಲ್ಲ. ಗಾಜಿಗೆ ಬಿದ್ದ ಬೆಳಕು ಬಿದ್ದ ಕೋನದಲ್ಲೇ ತಿರುಗಿ ಹೊರಡುತ್ತದೆ, ಅದು ಲೆನ್ಸಿಗೆ ಸಿಗಬಾರದು. ಸ್ಟ್ಯಾಂಡನ್ನು ಎತ್ತರಿಸಿದೆ, ಇನ್ನಷ್ಟು ಪಕ್ಕಕ್ಕೆ ಒಯ್ದೆ. ಒಂದು ಗಾಜು ಬಿಟ್ಟಿತು, ಇನ್ನೊಂದು ಬಿಡಲಿಲ್ಲ. "ಆತನೋ ಮಾಣಿ?" (ಆಯಿತೇನೋ ಹುಡುಗಾ?) ಎಂದು ಮಾವ ಎರಡನೇ ಸಲ ಕೇಳಿದರು, ದನಿ ಸ್ವಲ್ಪ ಬಿಸಿಯಿತ್ತು. ಕೊನೆಗೆ ಕನ್ನಡಕದ ಕಡ್ಡಿಗಳನ್ನು ಕಿವಿಯಿಂದ ಒಂದು ಬೆರಳಿನಷ್ಟು ಮೇಲೆತ್ತಿದೆ. ಗಾಜು ಕೆಳಕ್ಕೆ ಬಾಗಿತು, ಕೊಡೆ ಮಾಯ, ಮಾವನ ಕಣ್ಣು ಹಾಜರ್. ಎದುರಿನಿಂದ ನೋಡಿದರೆ ಕಡ್ಡಿ ಎತ್ತಿದ್ದು ಗೊತ್ತೇ ಆಗುವುದಿಲ್ಲ.

ಮಾಜಾಳಿಯ ಫೋಟೊವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕಾಕಾಗೆ ಕೊಟ್ಟು ಬರಲು ಹೋದಾಗ ಮಾರ್ಚ್ ಬಂದಿತ್ತು. ಅದರ ಮೇಲೆ ನನಗೆ ಬಹಳ ಹೆಮ್ಮೆ. ಅವರು ಎರಡೂ ಕೈಯಲ್ಲಿ ಹಿಡಿದು, ದೂರ ಮಾಡಿ, ಹತ್ತಿರ ತಂದು ನೋಡಿದರು. ಮುಖದ ಬಗ್ಗೆ ಏನೂ ಹೇಳಲಿಲ್ಲ. ಹಿಂದಿನ ಆಕಾಶದ ಮೇಲೆ ಬೆರಳಿಟ್ಟು, "ಆ ದಿವಸ ಮಳೆ ಮೋಡ ಇತ್ತಾ?" ಎಂದರು. ಇರಲಿಲ್ಲ ಕಾಕಾ, ಒಳ್ಳೆ ಬಿಸಿಲಿತ್ತು ಎಂದೆ. "ಹೌದಲ್ಲ, ಬಲೆ ಒಣಗಿಸಿದ್ದೆವು" ಎಂದು ಮತ್ತೊಮ್ಮೆ ಫೋಟೊ ನೋಡಿದರು. ಈಗ ಆಕಾಶವನ್ನು ಅರ್ಧ ಸ್ಟಾಪಿಗಿಂತ ಹೆಚ್ಚು ಇಳಿಸುವುದಿಲ್ಲ.